ಬೂದಿಗೇ ಕಾರ್ಬನ್ ಡೇಟಿಂಗ್ ಮಾಡಬಾರದೇ?

ಪ್ರಶ್ನೆ: ಆಳಸಮುದ್ರದ ಕೆಸರಿನಲ್ಲಿ ಸಿಗುವ ಜ್ವಾಲಾಮುಖಿ ಬೂದಿಗೆ ಕಾರ್ಬನ್ ಡೇಟಿಂಗ್ ಮಾಡಿಸಿದರೆ ವಯಸ್ಸು ಗೊತ್ತಾಗುತ್ತದಲ್ಲ?

ಗೊತ್ತಾಗುವುದಿಲ್ಲ. ಎಷ್ಟು ಸಲ ಉತ್ತರಿಸಿದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ತಪ್ಪು ಕೇಳುವವರದ್ದಲ್ಲ, ಹೆಸರಿನದ್ದು. ಜ್ವಾಲಾಮುಖಿ ಬೂದಿ ಜ್ವಾಲೆಯಿಂದ ಹುಟ್ಟಿದ್ದೂ ಅಲ್ಲ, ಬೂದಿಯೂ ಅಲ್ಲ. ಒಲೆಯ ಬೂದಿ ಸೌದೆ ಉರಿದು ಉಳಿದದ್ದು. ಇದು ಶಿಲಾಪಾಕದೊಳಗಿನ ಅನಿಲ ಹಿಗ್ಗಿ, ಪಾಕ ನೊರೆಯೆದ್ದು ಸಿಡಿದು, ಹರಳುಗಟ್ಟಲು ಪುರುಸೊತ್ತಿಲ್ಲದೆ ತಣಿದ ಗಾಜು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಡೆದ ಗುಳ್ಳೆಗಳ ಬಾಗಿದ ಚೂರುಗಳು ಕಾಣುತ್ತವೆ. ಕಾರ್ಬನ್ ಡೇಟಿಂಗ್ ಅಳೆಯುವುದು ಕಾರ್ಬನ್-14 ಅನ್ನು; ಅದಕ್ಕೆ ಒಂದು ಕಾಲಕ್ಕೆ ಬದುಕಿದ್ದ ವಸ್ತು ಬೇಕು. ಗಾಜು ಯಾವಾಗ ಬದುಕಿತ್ತು?

‘ಪದರದಲ್ಲಿ ಚಿಪ್ಪುಗಳಿವೆಯಲ್ಲ’ ಎಂಬ ಮರುಪ್ರಶ್ನೆಯೂ ಗೊತ್ತಿರುವುದೇ. ಫೊರಾಮಿನಿಫೆರಾ (ಸುಣ್ಣದ ಚಿಪ್ಪಿನ ಏಕಕೋಶ ಜೀವಿ) ಚಿಪ್ಪು ಹೇಳುವುದು ತನ್ನ ವಯಸ್ಸನ್ನು, ಬೂದಿಯದನ್ನಲ್ಲ. ಆಳಸಮುದ್ರದಲ್ಲಿ ಸಾವಿರ ವರ್ಷಕ್ಕೆ ಕೂರುವುದು ಕೆಲವೇ ಸೆಂಟಿಮೀಟರ್ ಕೆಸರು. ಮೇಲಿನ ಸುಮಾರು 10 ಸೆಂ.ಮೀ.ಯನ್ನು ಹುಳುಗಳು ಕಲಸುತ್ತಲೇ ಇರುತ್ತವೆ. ಹಾಗಾಗಿ ಒಂದೇ ಚಿಟಿಕೆಯಲ್ಲಿ ಸಾವಿರಾರು ವರ್ಷಗಳ ಚಿಪ್ಪು ಬೆರೆತಿರುತ್ತದೆ. ಮೇಲಾಗಿ ಸುಮಾರು 50,000 ವರ್ಷದಾಚೆ ಈ ವಿಧಾನವೇ ಕೈಕೊಡುತ್ತದೆ. ಬಂಗಾಳ ಕೊಲ್ಲಿಯಲ್ಲಿ ಸಿಗುವ, ಸುಮಾತ್ರಾದ ಟೋಬಾ ಜ್ವಾಲಾಮುಖಿಯ ಬೂದಿ ಸುಮಾರು 74,000 ವರ್ಷ ಹಳೆಯದು.

ಮಾಡುವ ಕೆಲಸ ಬೇರೆ: ಕೆಸರಿನಿಂದ ಗಾಜಿನ ಚೂರು ಬೇರ್ಪಡಿಸಿ, ಅದು ಯಾವ ಜ್ವಾಲಾಮುಖಿಯದೆಂದು ಗುರುತಿಸುವುದು. ಜಲಮಿಶ್ರಿತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಣ್ಣದ ಚಿಪ್ಪು ಕರಗಿಸಿ, 25ರಿಂದ 80 ಮೈಕ್ರಾನ್ ಕಣಗಳನ್ನು ಜರಡಿ ಹಿಡಿದು, ಸೋಡಿಯಂ ಪಾಲಿಟಂಗ್‌ಸ್ಟೇಟ್ ಎಂಬ ಭಾರದ ದ್ರಾವಣಕ್ಕೆ ಹಾಕುತ್ತಾರೆ. ದ್ರಾವಣದ ಸಾಂದ್ರತೆ 1.95 (ಘನ ಸೆಂ.ಮೀ.ಗೆ ಗ್ರಾಂ) ಇದ್ದಾಗ ಸಿಲಿಕಾ ಚಿಪ್ಪಿನ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳು ತೇಲಿಹೋಗುತ್ತವೆ, 2.5ಕ್ಕೆ ಏರಿಸಿದರೆ ಸಿಲಿಕಾ ಹೆಚ್ಚಿರುವ ಹಗುರ ರಯೊಲೈಟ್ ಗಾಜು ತೇಲಿ, ಕ್ವಾರ್ಟ್ಜ್ ಮುಳುಗುತ್ತದೆ. ಮುಳುಗಿದ್ದನ್ನು ಚೆಲ್ಲಬೇಡಿ, ಭಾರದ ಬಸಾಲ್ಟ್ ಗಾಜು ಅದರಲ್ಲೇ ಇರುತ್ತದೆ. ಆಮೇಲೆ ಎಲೆಕ್ಟ್ರಾನ್ ಕಿರಣ ಹಾಯಿಸಿ ಧಾತುಗಳನ್ನು ಅಳೆಯುವ ಎಲೆಕ್ಟ್ರಾನ್ ಮೈಕ್ರೋಪ್ರೋಬ್‌ನಲ್ಲಿ ಚೂರು ಚೂರನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಕಿರಣವನ್ನು ತೀರಾ ಕಿರಿದು ಮಾಡಿದರೆ ಸೋಡಿಯಂ ಜಾಗ ಬಿಟ್ಟು ಸರಿದು, ಸಿಲಿಕಾ ಹೆಚ್ಚಿದ್ದಂತೆ ಕಂಡು, ಯಾವುದೋ ಬೇರೆ ಜ್ವಾಲಾಮುಖಿಗೆ ಹೊಂದಿಕೆಯಾದೀತು. ರಾಸಾಯನಿಕ ಗುರುತು ನೆಲದ ಮೇಲಿನ ನಿಕ್ಷೇಪಕ್ಕೆ ಸರಿಹೊಂದಿದರೆ, ಅಲ್ಲಿನ ಸ್ಯಾನಿಡಿನ್ (ಪೊಟ್ಯಾಸಿಯಂ ಇರುವ ಖನಿಜ) ಹರಳುಗಳ ಆರ್ಗಾನ್-ಆರ್ಗಾನ್ ವಯಸ್ಸು, ಅಂದರೆ ಪೊಟ್ಯಾಸಿಯಂ ಕ್ಷಯಿಸಿ ಹುಟ್ಟಿದ ಆರ್ಗಾನ್ ಅಳೆದು ತಿಳಿದ ವಯಸ್ಸು, ಸಮುದ್ರದ ಪದರಕ್ಕೂ ಸಲ್ಲುತ್ತದೆ.

ಯಾರೂ ಕೇಳದಿದ್ದರೂ ಇದನ್ನು ಹೇಳಲೇಬೇಕು: ಕಾರ್ಬನ್‌ನ ತಪ್ಪನ್ನು ತಿದ್ದುವುದೇ ಬೂದಿ. ಸಮುದ್ರದ ನೀರಿನ ಇಂಗಾಲ ಹಳೆಯದಾದ್ದರಿಂದ ಚಿಪ್ಪುಗಳು ಇದ್ದದ್ದಕ್ಕಿಂತ ಮುದಿಯಾಗಿ ತೋರುತ್ತವೆ. ಎಷ್ಟು ಮುದಿ? ಸುಮಾರು 12,100 ವರ್ಷ ಹಿಂದೆ ಐಸ್‌ಲ್ಯಾಂಡ್‌ನಿಂದ ಹಾರಿದ ವೆಡ್ಡೆ ಬೂದಿ ನೆಲದ ಮೇಲೂ ಬಿದ್ದಿದೆ, ಸಮುದ್ರದಲ್ಲೂ ಬಿದ್ದಿದೆ. ನೆಲದಲ್ಲಿ ಅದರ ಪಕ್ಕದ ಗಿಡದ ಚೂರು ಮತ್ತು ಸಮುದ್ರದಲ್ಲಿ ಅದರ ಪಕ್ಕದ ಚಿಪ್ಪುಗಳ ಕಾರ್ಬನ್ ವಯಸ್ಸನ್ನು ಹೋಲಿಸಿದಾಗ ಉತ್ತರ ಅಟ್ಲಾಂಟಿಕ್‌ನಲ್ಲಿ ಸಿಕ್ಕ ಅಂತರ 700ರಿಂದ 800 ವರ್ಷ. ಈಗ ಅದೇ ನೀರಿನಲ್ಲಿ ಅದು ಸುಮಾರು 400.