ಹದಿನೈದು ವರ್ಷ ಇಲ್ಲಿದ್ದರೂ ನೇಪಾಳದವರು ಇಲ್ಲಿನವರಾಗುವುದಿಲ್ಲ ಏಕೆ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಕಾವಲು ಕೆಲಸದವರು ನೇಪಾಳದವರು. ಬೆಂಗಳೂರಿಗೆ ಬಂದು ಹದಿನೈದು ವರ್ಷಗಳಾಗಿವೆ. ಹೆಂಡತಿ ಇದೇ ಕಟ್ಟಡದ ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಾರೆ, ಮಗ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಕನ್ನಡ ಮಾತನಾಡುತ್ತಾನೆ. ವೀಸಾ ಇಲ್ಲದೆ ಬಂದು ದುಡಿಯಲು ಅವಕಾಶವಿರುವಾಗ ಇವರು ಭಾರತದ ಪೌರತ್ವ ಪಡೆದು ಇಲ್ಲಿಯೇ ಏಕೆ ನೆಲೆಸಬಾರದು? ದಸರೆ ಬಂತೆಂದರೆ ಊರು ಊರು ಎಂದು ಹೊರಟುಬಿಡುವುದೇಕೆ?

ಉತ್ತರ: ಈ ಪ್ರಶ್ನೆಯನ್ನು ಸ್ವಲ್ಪ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಹಲವರು ಕೇಳುತ್ತಾರೆ. ಇದರಲ್ಲಿ ಕಾನೂನಿನ ಪ್ರಶ್ನೆ ಒಂದು, ಮನಸ್ಸಿನ ಪ್ರಶ್ನೆ ಇನ್ನೊಂದು ಇರುವಂತೆ ತೋರಿದರೂ ಎರಡನ್ನೂ ಬಿಡಿಸಿ ಉತ್ತರಿಸಲು ಬರುವುದಿಲ್ಲ. ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋಗುವವರು ಒಂದು ದಿನ ಕುಳಿತು ತಾಯ್ನಾಡನ್ನು ಬಿಡುವ ತೀರ್ಮಾನ ಮಾಡಿರುತ್ತಾರೆ, ಅರ್ಜಿ ಹಾಕಿರುತ್ತಾರೆ, ವಿಮಾನ ನಿಲ್ದಾಣದಲ್ಲಿ ಅತ್ತಿರುತ್ತಾರೆ. ನಿಮ್ಮ ಕಾವಲುಗಾರರಿಗೆ ಅಂಥ ದಿನವೇ ಬಂದಿರಲಿಕ್ಕಿಲ್ಲ. ಗಡಿಯ ದಾರಿ ಸದಾ ತೆರೆದಿರುವುದರಿಂದ ಅವರು ನೇಪಾಳವನ್ನು ಬಿಟ್ಟು ಬರಬೇಕಾದ ಪ್ರಸಂಗವೇ ಒದಗಲಿಲ್ಲ. ಒಂದು ಹಂಗಾಮಿನ ದುಡಿಮೆಗೆಂದು ಬಂದರು, ಹಂಗಾಮುಗಳು ಹದಿನೈದು ವರ್ಷಗಳಾದವು.

ಆ ದಾರಿ ತೆರೆದಿರುವುದು 1950ರ ಜುಲೈ 31ರಂದು ಕಾಠ್ಮಂಡುವಿನಲ್ಲಿ ಸಹಿಯಾದ ಭಾರತ–ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದದ ಆಧಾರದ ಮೇಲೆ. ಹತ್ತೇ ಕಲಮುಗಳ ಈ ಚಿಕ್ಕ ಒಪ್ಪಂದದ ಏಳನೆಯ ಕಲಮು ವಾಸ, ಆಸ್ತಿಯ ಒಡೆತನ, ವ್ಯಾಪಾರ, ಓಡಾಟ ಇವುಗಳಲ್ಲಿ ಒಂದು ದೇಶದ ಪ್ರಜೆಗಳಿಗೆ ಇನ್ನೊಂದು ದೇಶವು ಸಮಾನ ಸವಲತ್ತುಗಳನ್ನು ಕೊಡಬೇಕೆಂದು ಹೇಳುತ್ತದೆ. ಹೀಗಾಗಿ ಉತ್ತರಾಖಂಡದಿಂದ ಸಿಕ್ಕಿಮ್‌ವರೆಗೆ ಐದು ರಾಜ್ಯಗಳ ಅಂಚಿನಲ್ಲಿ 1,751 ಕಿಲೋಮೀಟರ್ ಹರಡಿರುವ ಗಡಿಯನ್ನು ನೇಪಾಳದವರು ಪಾಸ್‌ಪೋರ್ಟ್, ವೀಸಾ ಯಾವುದೂ ಇಲ್ಲದೆ ನಡೆದೇ ದಾಟಬಹುದು. ವಿಮಾನದಲ್ಲಿ ಬರುವುದಾದರೆ ಮಾತ್ರ ಪಾಸ್‌ಪೋರ್ಟ್ ಅಥವಾ ನೇಪಾಳದ ನಾಗರಿಕತಾ ಪತ್ರದಂಥ ಗುರುತಿನ ದಾಖಲೆ ತೋರಿಸಬೇಕು. ಬೆಂಗಳೂರಿನಿಂದ ಹೊರಡುವವರಿಗೆ ಗೋರಖಪುರದವರೆಗೆ ರೈಲು, ಅಲ್ಲಿಂದ ಸುನೌಲಿಗೆ ಬಸ್ಸು, ಆಮೇಲೆ ಚೀಲ ಹೆಗಲಿಗೇರಿಸಿಕೊಂಡು ಗಡಿಯ ಕಮಾನು ದಾಟಿದರೆ ಆಯಿತು. ದೂರದ ಪಶ್ಚಿಮದ ಅಛಾಮ್, ಡೋಟಿ, ಬಝಾಂಗ್ ಜಿಲ್ಲೆಗಳವರು ಬನಬಸಾದ ಬ್ಯಾರೇಜಿನ ಮೇಲಿಂದ ಮಹಾಕಾಳಿ ನದಿಯನ್ನು ದಾಟುತ್ತಾರೆ. ದೇಶ ಬದಲಾದದ್ದು ಕಣ್ಣಿಗಿಂತ ಮೊದಲು ಗಡಿಯಾರಕ್ಕೆ ತಿಳಿಯುತ್ತದೆ: ನೇಪಾಳದ ಸಮಯ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿದೆ.

ಬರುವುದು ಇಷ್ಟು ಸಲೀಸಾದರೂ ಇಲ್ಲಿ ಬೇರು ಬಿಡುವುದು ಸಲೀಸಲ್ಲ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಒಪ್ಪಂದದಲ್ಲಿ ಆಸ್ತಿಯ ಒಡೆತನವೆಂಬ ಮಾತು ಇದ್ದರೂ, ನಮ್ಮ ವಿದೇಶಿ ವಿನಿಮಯ ನಿಯಮಗಳ ಪ್ರಕಾರ ನೇಪಾಳದ ಪ್ರಜೆ ಭಾರತದಲ್ಲಿ ಐದು ವರ್ಷ ಮೀರದ ಗುತ್ತಿಗೆಯ ಹೊರತಾಗಿ ಸ್ಥಿರಾಸ್ತಿ ಪಡೆಯಬೇಕಾದರೆ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕು. ಮತದಾನದ ಹಕ್ಕಂತೂ ಇಲ್ಲ. ಇನ್ನೊಂದು ಕಡೆ ನೋಡಿದರೆ, ಐಎಎಸ್, ಐಪಿಎಸ್, ಐಎಫ್‌ಎಸ್ ಬಿಟ್ಟು ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಉಳಿದ ಸೇವೆಗಳಿಗೆ ನೇಪಾಳದ ಪ್ರಜೆಯೂ ಸರ್ಕಾರದಿಂದ ಅರ್ಹತಾ ಪ್ರಮಾಣಪತ್ರ ಪಡೆದು ಸ್ಪರ್ಧಿಸಬಹುದು. ಅಂದರೆ ಕಾಗದದ ಮೇಲೆ ಅಧಿಕಾರಿಯಾಗಲು ಅಡ್ಡಿಯಿಲ್ಲ, ಮೂವತ್ತು–ನಲವತ್ತರ ಸೈಟು ಕೊಳ್ಳಲು ಅಡ್ಡಿಯಿದೆ! ನಿತ್ಯದ ತೊಂದರೆಗಳು ಇನ್ನೂ ಸಣ್ಣವು, ಆದ್ದರಿಂದ ಇನ್ನೂ ಕಿರಿಕಿರಿಯವು. ನೇಪಾಳದಲ್ಲಿ ಚಾಲ್ತಿಯಲ್ಲಿರುವುದು ವಿಕ್ರಮ ಸಂವತ್. ನಾಗರಿಕತಾ ಪತ್ರದಲ್ಲಿ ಹುಟ್ಟಿದ ವರ್ಷ 2045 ಎಂದಿದ್ದರೆ ಅದು ನಮ್ಮ ಲೆಕ್ಕದ 1988–89. ಶಾಲಿವಾಹನ ಶಕೆಯ ಪಂಚಾಂಗ ಗೋಡೆಗೆ ತೂಗುಹಾಕಿಕೊಂಡ ನಾವು ಇದನ್ನು ಸುಲಭವಾಗಿ ಅರ್ಥಮಾಡಿಕೊಳ್ಳಬೇಕು. ಆದರೆ ಮೊಬೈಲ್ ಸಿಮ್ ಕೊಡುವ ಅಂಗಡಿಯ ಕಿಟಕಿಯ ಮುಂದೆ, ಇನ್ನೂ ಬಾರದ 2045ರಲ್ಲಿ ಹುಟ್ಟಲಿರುವ ಮನುಷ್ಯನೊಬ್ಬ ಕೈಕಟ್ಟಿ ನಿಂತು ವಿವರಣೆ ಕೊಡುತ್ತಿರುವುದನ್ನು ನಾನೇ ನೋಡಿದ್ದೇನೆ.

ಇನ್ನು ಪೌರತ್ವ. 1955ರ ಪೌರತ್ವ ಕಾಯಿದೆಯಂತೆ ದೇಶೀಕರಣದ, ಅಂದರೆ ಹೊರದೇಶದವರು ಇಲ್ಲಿಯ ಪ್ರಜೆಯಾಗುವ, ಅರ್ಜಿ ಹಾಕುವವರು ಹಿಂದಿನ ಹನ್ನೆರಡು ತಿಂಗಳು ಸತತವಾಗಿ, ಅದಕ್ಕೂ ಮೊದಲಿನ ಹದಿನಾಲ್ಕು ವರ್ಷಗಳಲ್ಲಿ ಒಟ್ಟು ಹನ್ನೊಂದು ವರ್ಷ ಭಾರತದಲ್ಲಿ ವಾಸವಿರಬೇಕು, ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆ ಅವರಿಗೆ ಬರಬೇಕು. ಭಾಷೆಯ ಷರತ್ತು ಇವರಿಗೆ ಲೆಕ್ಕಕ್ಕೇ ಇಲ್ಲ, ಏಕೆಂದರೆ 1992ರಲ್ಲಿ 71ನೆಯ ತಿದ್ದುಪಡಿಯ ಮೂಲಕ ನಮ್ಮ ಕರಾವಳಿಯ ಕೊಂಕಣಿಯೊಂದಿಗೇ ನೇಪಾಳಿಯೂ ಆ ಅನುಸೂಚಿಗೆ ಸೇರಿದೆ. ತೊಡಕಿರುವುದು ಹಿಂದಿನದನ್ನು ಬಿಡುವಲ್ಲಿ. ಭಾರತವೂ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ, ನೇಪಾಳವೂ ಒಪ್ಪುವುದಿಲ್ಲ. ಪರದೇಶದ ಪ್ರಜೆಯಾದ ಮೇಲೆ ನೇಪಾಳದಲ್ಲಿ ಭೂಮಿ ಕೊಳ್ಳುವಂತಿಲ್ಲ. 2015ರ ನೇಪಾಳದ ಸಂವಿಧಾನವು ಹೊರದೇಶದ ಪೌರತ್ವ ಪಡೆದ ನೇಪಾಳಿಗರಿಗೆ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳಿರುವ ಅನಿವಾಸಿ ಪೌರತ್ವವೊಂದನ್ನು ಕೊಟ್ಟಿದೆಯಾದರೂ, ಭಾರತವೂ ಸೇರಿರುವ ದಕ್ಷಿಣ ಏಷ್ಯಾದ ಸಾರ್ಕ್ ಕೂಟದ ದೇಶಗಳ ಪೌರತ್ವ ಪಡೆದವರನ್ನು ಅದರಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಸಿಡ್ನಿಗೆ ಹೋಗಿ ಅಲ್ಲಿಯವನಾದವನಿಗೆ ತಾಯ್ನಾಡಿನ ಬಾಗಿಲು ಅರ್ಧ ತೆರೆದಿರುತ್ತದೆ. ಪಕ್ಕದ ಭಾರತಕ್ಕೆ ಬಂದು ಇಲ್ಲಿಯವನಾದವನಿಗೆ ಅದು ಮುಚ್ಚುತ್ತದೆ. ಊರಿನಲ್ಲಿ ಗುಡ್ಡದ ಇಳಿಜಾರಿಗೆ ಮೆಟ್ಟಿಲು ಕಡಿದು ಮಾಡಿದ ನಾಲ್ಕು ತುಂಡು ಹೊಲ, ಅದರಲ್ಲಿ ಬೆಳೆಯುವ ಕೋದೋ ಇರುವವನು ಇದನ್ನು ಯೋಚಿಸದೆ ಇರಲಾರ. ಕೋದೋ ಎಂದರೆ ಬೇರೇನಲ್ಲ, ನಮ್ಮ ರಾಗಿಯೇ. ಅದರ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಮಾಡುವ ಢಿಂಡೋ ನಮ್ಮ ಮುದ್ದೆಯ ಖಾಸಾ ತಮ್ಮ. ಮಂಡ್ಯದವರ ಪಕ್ಕದಲ್ಲಿ ಕುಳಿತು ಸಂಕೋಚವಿಲ್ಲದೆ ಮುದ್ದೆ ನುಂಗುವ ನೇಪಾಳದವರನ್ನು ಕಂಡು ಆಶ್ಚರ್ಯಪಡಬೇಕಾಗಿಲ್ಲ.

ಮಗನ ವಿಷಯ ಹೆಚ್ಚು ಸೂಕ್ಷ್ಮವಾದದ್ದು, ನಿಮ್ಮ ಕಾವಲುಗಾರರಿಗೆ ಇದನ್ನು ನೀವೇ ನೆನಪಿಸಿದರೂ ತಪ್ಪಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದ ಮಾತ್ರಕ್ಕೆ ಆತ ಭಾರತೀಯನಾಗುವುದಿಲ್ಲ. 1987ರ ಜುಲೈ 1ರ ನಂತರ ಇಲ್ಲಿ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕೆಂಬ ನಿಯಮವಿದೆ, 2004ರ ಡಿಸೆಂಬರ್ 3ರ ನಂತರ ಅದು ಇನ್ನಷ್ಟು ಬಿಗಿಯಾಗಿದೆ. ಆಧಾರ್ ಕಾರ್ಡು ಇದ್ದರೂ ಅದು ವಾಸದ ಗುರುತೇ ಹೊರತು ಪೌರತ್ವದ ಪುರಾವೆಯಲ್ಲ. ಅತ್ತ ನೇಪಾಳದಲ್ಲಿ ಹದಿನಾರು ವರ್ಷ ತುಂಬಿದ ಮೇಲೆ ನಾಗರಿಕತಾ ಪತ್ರ ಕೊಡುತ್ತಾರೆ. ಅದಕ್ಕೆ ಊರಿನ ವಾರ್ಡ್ ಕಚೇರಿಯ ಶಿಫಾರಸು, ತಂದೆತಾಯಿಯ ದಾಖಲೆಗಳನ್ನು ಹಿಡಿದುಕೊಂಡು ಜಿಲ್ಲಾಡಳಿತ ಕಚೇರಿಗೆ ಹೋಗಬೇಕು. ಹಾಗಾಗಿ ಕನ್ನಡದಲ್ಲಿ ಕನಸು ಕಾಣುವ ಹುಡುಗನೊಬ್ಬ, ಅಜ್ಜಿಯೊಂದಿಗೆ ಬಿಟ್ಟರೆ ಬೇರೆ ಯಾರೊಂದಿಗೂ ಹೆಚ್ಚು ಮಾತನಾಡಿರದ ಭಾಷೆಯಲ್ಲಿ, ತಾನು ಅಲ್ಲಿಯವನೆಂದು ಅಧಿಕಾರಿಯ ಮುಂದೆ ಹೇಳಬೇಕಾಗುತ್ತದೆ. ಅಪ್ಪ ವರ್ಷವರ್ಷವೂ ಅವನನ್ನು ಊರಿಗೆ ಎಳೆದುಕೊಂಡು ಹೋಗುವುದರಲ್ಲಿ ಅಭಿಮಾನದ ಜೊತೆಗೆ ಈ ಲೆಕ್ಕಾಚಾರವೂ ಇರುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ನೇಪಾಳಿ ಮಾತನಾಡುವವರೆಲ್ಲ ನೇಪಾಳದವರಲ್ಲ. ಡಾರ್ಜಿಲಿಂಗ್, ಕಾಲಿಂಪಾಂಗ್, ಸಿಕ್ಕಿಮ್, ಅಸ್ಸಾಮ್, ಡೆಹ್ರಾಡೂನುಗಳ ಗೋರ್ಖಾ ಸಮುದಾಯದವರು ತಲೆಮಾರುಗಳಿಂದ ಭಾರತದವರು. ಪ್ರತ್ಯೇಕ ರಾಜ್ಯ ಕೇಳಿದ ಗೋರ್ಖಾಲ್ಯಾಂಡ್ ಚಳವಳಿಯ ಕಾಲದಲ್ಲಿ, 1988ರ ಆಗಸ್ಟ್ 23ರಂದು, ಕೇಂದ್ರ ಸರ್ಕಾರ ಅವರ ಪೌರತ್ವದ ಕುರಿತು ಅಧಿಸೂಚನೆಯನ್ನೇ ಹೊರಡಿಸಬೇಕಾಯಿತು. ಅವರನ್ನು ‘ನಿಮ್ಮ ದೇಶ ಯಾವುದು’ ಎಂದು ಕೇಳುವುದು ಅವಮಾನ. ನಮ್ಮ ಬೀದಿಗಳಲ್ಲಿ ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕಿ ‘ಗೂರ್ಖ’ ಎಂದೋ ‘ಬಹಾದ್ದೂರ್’ ಎಂದೋ ಕರೆದುಬಿಡುತ್ತೇವೆ. ರಾತ್ರಿ ಎರಡು ಗಂಟೆಗೆ ಸೀಟಿ ಊದಿ, ಕೋಲನ್ನು ರಸ್ತೆಗೆ ಕುಟ್ಟುತ್ತ ಹೋಗಿ, ತಿಂಗಳ ಮೊದಲ ವಾರ ಬಾಗಿಲಿಗೆ ಬಂದು ಸಲಾಮು ಹೊಡೆಯುತ್ತಿದ್ದ ಮನುಷ್ಯನ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬಹಾದುರ್ ಎಂಬುದು ನೇಪಾಳದಲ್ಲಿ ಅಸಂಖ್ಯ ಗಂಡಸರ ಹೆಸರಿನ ನಡುವೆ ಬರುವ ಪದ, ಅಷ್ಟೇ.

ಅವರ ಭಾಷೆಯಲ್ಲಿ ಈ ವಲಸೆಗೆ ಇರುವ ಮಾತುಗಳು ಬಹಳ ಹಳೆಯವು. ರಣಜಿತ್ ಸಿಂಹನ ಸೈನ್ಯ ಸೇರಲು ಲಾಹೋರಿಗೆ ಹೋದವರಿಂದ ‘ಲಾಹುರೆ’ ಎಂಬ ಪದ ಹುಟ್ಟಿತು. ಇಂದು ಪರಸ್ಥಳದಲ್ಲಿ ದುಡಿದು ಮರಳುವ ಯಾರಾದರೂ ಲಾಹುರೆಯೇ. ಭಾರತದ ಬಯಲಿಗೆ ‘ಮುಗ್ಲಾನ್’ ಎಂದು ಹೆಸರು, ಅಂದರೆ ಮೊಗಲರ ನಾಡು. ಮೊಗಲರು ಹೋಗಿ ಕಾಲವಾದರೂ ಬಡತನಕ್ಕೆ ಮುಗ್ಲಾನಿಗೆ ಇಳಿಯುವುದು ತಪ್ಪಲಿಲ್ಲ. ಬ್ರಿಟಿಷರು 1815ರಿಂದ ಗೋರ್ಖಾ ಪಡೆಗಳನ್ನು ಕಟ್ಟಿದರು. 1947ರಲ್ಲಿ ಹತ್ತು ಗೋರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ ಹಂಚಿಕೆಯಾದವು. ಬೇರೆ ದೇಶದ ಬಾವುಟದ ಕೆಳಗೆ ದುಡಿದು, ತನ್ನ ದೇಶದ ಅಂಗಳಕ್ಕೆ ಮರಳಿ ಪಿಂಚಣಿ ಎಣಿಸುವುದು ಅಲ್ಲಿಯ ಎಷ್ಟೋ ಮನೆತನಗಳಿಗೆ ಅಸಹಜವೆನಿಸುವುದಿಲ್ಲ. 2022ರಲ್ಲಿ ಅಗ್ನಿಪಥ ಯೋಜನೆ ಬಂದಮೇಲೆ, ನಾಲ್ಕೇ ವರ್ಷದ ನೌಕರಿಯ ಕುರಿತು ನೇಪಾಳ ಸರ್ಕಾರ ತಕರಾರು ತೆಗೆದದ್ದರಿಂದ ಭಾರತೀಯ ಸೇನೆಗೆ ನೇಪಾಳದವರ ಭರ್ತಿ ನಿಂತಿದೆ.

ಹಾಗೆಂದ ಮಾತ್ರಕ್ಕೆ ಎರಡು ದೇಶಗಳ ನಡುವೆ ಓಡಾಡುವವರ ಮನಸ್ಸಿನಲ್ಲಿ ಎಲ್ಲವೂ ತಿಳಿಯಾಗಿದೆ ಎಂದು ತಿಳಿಯಬಾರದು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು. ಭಾರತದಲ್ಲಿದ್ದವರು ಸಿಕ್ಕ ರೈಲು ಹತ್ತಿ ಊರಿಗೆ ಓಡಿದರು. ಅದೇ ವರ್ಷದ ಸೆಪ್ಟೆಂಬರಿನಿಂದ ತಿಂಗಳುಗಟ್ಟಲೆ ಗಡಿಯಲ್ಲಿ ಸರಕು ನಿಂತು, ಅಡುಗೆ ಅನಿಲಕ್ಕೂ ಔಷಧಕ್ಕೂ ತತ್ವಾರವಾದಾಗ, ಊರಿನವರು ಭಾರತವನ್ನು ಬೈಯುತ್ತಿದ್ದರು, ಬೈಗುಳ ಕೇಳುತ್ತಿದ್ದ ಫೋನಿನ ಈ ತುದಿಯ ಮನುಷ್ಯ ಭಾರತದ ಸಂಬಳದಲ್ಲಿ ಅದೇ ಊರಿನ ಮನೆಯನ್ನು ಮತ್ತೆ ಕಟ್ಟಿಸಲು ಹಣ ಹೊಂದಿಸುತ್ತಿದ್ದ. 2016ರ ನೋಟು ರದ್ದತಿಯ ವೇಳೆ, ಊರಿನ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಐನೂರು, ಸಾವಿರದ ಭಾರತೀಯ ನೋಟುಗಳನ್ನು ಬದಲಿಸಿಕೊಳ್ಳಲು ನೇಪಾಳದಲ್ಲಿ ದಾರಿಯೇ ಸಿಗಲಿಲ್ಲ. 2025ರ ಸೆಪ್ಟೆಂಬರ್ ಮೊದಲ ವಾರ ನೇಪಾಳ ಸರ್ಕಾರವು ಫೇಸ್‌ಬುಕ್, ವಾಟ್ಸ್‌ಆ್ಯಪ್ ಮೊದಲಾದವನ್ನು ನಿಷೇಧಿಸಿತು. ಅಲ್ಲಿಯ ಯುವಕರು ಬೀದಿಗಿಳಿದದ್ದನ್ನು, 9ರಂದು ಪ್ರಧಾನಿ ರಾಜೀನಾಮೆ ಕೊಟ್ಟದ್ದನ್ನು ನಾವು ರಾಜಕೀಯದ ಸುದ್ದಿಯಾಗಿ ಓದಿದೆವು. ಹೊರಗೆ ದುಡಿಯುವವರಿಗೆ ಆ ನಿಷೇಧವೆಂದರೆ ಮೊದಲಿಗೆ ಮನೆಯ ಮುಖಗಳು ಫೋನಿನ ಪರದೆಯಿಂದ ಮಾಯವಾದದ್ದು.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು 2020ರ ಮಾರ್ಚಿನ ಸಂಗತಿ. ಉತ್ತರಾಖಂಡದ ಧಾರಚುಲಾ ಮತ್ತು ನೇಪಾಳದ ದಾರ್ಚುಲಾ, ಹೆಸರೂ ಹೆಚ್ಚುಕಡಿಮೆ ಒಂದೇ ಆದ ಈ ಜೋಡಿ ಊರುಗಳ ನಡುವೆ ಮಹಾಕಾಳಿ ಹರಿಯುತ್ತದೆ, ಅದರ ಮೇಲೊಂದು ತೂಗುಸೇತುವೆ ಇದೆ. ಕೋವಿಡ್ ಬಂದು ಗಡಿ ಮುಚ್ಚಿದಾಗ, ಕೆಲಸ ಕಳೆದುಕೊಂಡು ಊರಿಗೆ ಹೊರಟಿದ್ದ ನೂರಾರು ನೇಪಾಳಿಗರು ಭಾರತದ ದಡದಲ್ಲಿ ಸಿಕ್ಕಿಬಿದ್ದರು. ಅವರನ್ನು ಒಳಗೆ ಬಿಡದೆ ಇದ್ದದ್ದು ಅವರದೇ ದೇಶ. ಆಚೆ ದಡದ ಮನೆಗಳು ಕಣ್ಣಿಗೆ ಕಾಣುತ್ತಿದ್ದವು. ಕೊನೆಗೆ ಕೆಲವರು ಹಿಮದ ನೀರಿನ ಆ ನದಿಗೆ ಧುಮುಕಿ ಈಜಿಯೇ ದಾಟಿದರು. ತೆರೆದ ಗಡಿಯನ್ನು ನಂಬಿ ಬದುಕು ಕಟ್ಟಿಕೊಂಡವರಿಗೆ ಅದು ಮುಚ್ಚಲೂ ಬಲ್ಲದು ಎಂಬುದು ಆಗ ಗೊತ್ತಾಯಿತು.

ಈಗ ದಸರೆಯ ಮಾತು. ಅವರ ದಶೈಂ ಹದಿನೈದು ದಿನಗಳ ಹಬ್ಬ. ಮೊದಲ ದಿನ ಘಟಸ್ಥಾಪನೆ ಮಾಡಿ, ಮರಳಿನಲ್ಲಿ ಜವೆಗೋಧಿ ಬಿತ್ತಿ, ಬಿಸಿಲು ಬೀಳದ ಮೂಲೆಯಲ್ಲಿ ಮೊಳಕೆ ಬರಿಸುತ್ತಾರೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಘಟ್ಟ ಹಾಕುವುದನ್ನು ಕಂಡವರಿಗೆ ಇದು ಹೊಸದಲ್ಲ. ಹಳದಿ ಬಣ್ಣಕ್ಕೆ ತಿರುಗಿದ ಆ ಎಳೆಯ ಸಸಿಗೆ ಜಮರಾ ಎನ್ನುತ್ತಾರೆ. ದಶಮಿಯ ದಿನ ಅಕ್ಕಿ, ಮೊಸರು, ಕೆಂಪು ಬಣ್ಣ ಕಲಸಿದ ಟೀಕಾವನ್ನು ಹಿರಿಯರು ಕಿರಿಯರ ಹಣೆಗೆ ದಪ್ಪವಾಗಿ ಹಚ್ಚಿ, ಜಮರಾವನ್ನು ತಲೆಗೋ ಕಿವಿಗೋ ಸಿಕ್ಕಿಸಿ ಹರಸುತ್ತಾರೆ. ಟೀಕಾ ತನಗೆ ತಾನೇ ಹಚ್ಚಿಕೊಳ್ಳುವಂಥದ್ದಲ್ಲ, ಮನೆಯ ಹಿರಿಯರ ಕೈಯಿಂದಲೇ ಆಗಬೇಕು. ಹಿರಿಯರು ಇರುವುದು ಊರಿನಲ್ಲಿ. ನಿಮ್ಮ ಕಾವಲುಗಾರರು ‘ಊರು’ ಎನ್ನುವಾಗ ನೇಪಾಳವೆಂಬ ದೇಶಕ್ಕಿಂತ ಹೆಚ್ಚಾಗಿ ಆ ಒಂದು ಅಂಗಳವೇ ಅವರ ಮನಸ್ಸಿನಲ್ಲಿರುತ್ತದೆ ಎಂದು ನನ್ನ ಎಣಿಕೆ. ಹಬ್ಬಕ್ಕೆ ರಾಯಚೂರಿನ ಬಸ್ಸು ಹತ್ತುವ ಕಟ್ಟಡ ಕಾರ್ಮಿಕನಿಗೂ ಹಾಗೆಯೇ ಅಲ್ಲವೇ.

ಆಯುಧಪೂಜೆಯ ವಾರದಲ್ಲಿ ಗೇಟಿಗೆ ಜನ ಸಿಗುವುದಿಲ್ಲವೆಂದು ನಿಮ್ಮ ಸಂಘದವರು ಗೊಣಗುವುದೂ ನ್ಯಾಯವೇ. ಅದಕ್ಕೊಂದು ಸಣ್ಣ ಪರಿಹಾರ ಆ ಹಬ್ಬದಲ್ಲೇ ಇದೆ: ಟೀಕಾ ಇಡಿಸಿಕೊಳ್ಳುವ ಅವಧಿ ದಶಮಿಗೆ ಮುಗಿಯುವುದಿಲ್ಲ, ಹುಣ್ಣಿಮೆಯವರೆಗೂ ಇರುತ್ತದೆ. ಪೂಜೆ ಮುಗಿದ ಸಂಜೆಯೇ ಅವರನ್ನು ರೈಲು ಹತ್ತಿಸಿದರೆ, ಗೋರಖಪುರಕ್ಕೆ ಎರಡು ರಾತ್ರಿ, ಗಡಿ ದಾಟಿ ಬೆಟ್ಟದ ಬಸ್ಸಿಗೆ ಇನ್ನೊಂದು ದಿನ, ಕಾಲುದಾರಿಗೆ ಅರ್ಧ ದಿನ ಎಂದು ಹಿಡಿದರೂ ಹುಣ್ಣಿಮೆಯೊಳಗೆ ತಾಯಿಯ ಮುಂದೆ ತಲೆ ಬಾಗಿಸಬಹುದು. ಟಿಕೆಟ್ಟನ್ನು ಮಾತ್ರ ಎರಡು ತಿಂಗಳು ಮೊದಲೇ ಮಾಡಿಸಬೇಕು.