ಕಿಂದರಿಜೋಗಿಯ ಹಿಂದೆ ಹೊರಟ ಮಕ್ಕಳು

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಹಾನ್ಸ್ ಶೋಲ್‌ಗೆ 14 ವರ್ಷ, ತಂಗಿ ಸೋಫಿಗೆ 11. ಜರ್ಮನಿಯ ಉಲ್ಮ್ ಊರಲ್ಲಿ ಮನೆ. ಅಪ್ಪ ರಾಬರ್ಟ್‌ಗೆ ಹಿಟ್ಲರ್ ಕಂಡರೆ ಆಗುತ್ತಿರಲಿಲ್ಲ. ಇವನೂ ಹ್ಯಾಮೆಲಿನ್‌ನ ಕಿಂದರಿಜೋಗಿಯ ಥರ ಅಂತ ಮಕ್ಕಳಿಗೆ ಎಚ್ಚರಿಕೆ ಹೇಳಿದ್ದರು. ಮಕ್ಕಳು ಕೇಳಲಿಲ್ಲ. ಹಾನ್ಸ್ ಹಿಟ್ಲರನ ಪಕ್ಷದ ಯುವ ಸಂಘಟನೆಯಾದ ಹಿಟ್ಲರ್ ಯೂತ್ ಸೇರಿದ, ಆಮೇಲೆ ಸೋಫಿಯೂ ಹುಡುಗಿಯರ ವಿಭಾಗಕ್ಕೆ ಸೇರಿದಳು. ಅಪ್ಪನ ಬುದ್ಧಿಮಾತು ಮನೆಯೊಳಗೆ. ಹೊರಗೆ ಬೀದಿಯಲ್ಲಿ ಬಾವುಟ, ಡೋಲು, ಹಾಡುತ್ತ ಸಾಲಾಗಿ ಹೋಗುವ ಗೆಳೆಯರು. ಆ ವಯಸ್ಸಲ್ಲಿ ಕಾಲು ಯಾವ ಕಡೆ ಎಳೆಯುತ್ತೆ ಅಂತ ನಮಗೂ ಗೊತ್ತು, ಅಲ್ವಾ?

ಈ ಸಂಘಟನೆ 1926ರಿಂದಲೇ ಇತ್ತು. 1932ರ ಕೊನೆಗೆ ಸುಮಾರು ಒಂದು ಲಕ್ಷ ಸದಸ್ಯರಿದ್ದರು, ಇನ್ನೊಂದೇ ವರ್ಷದಲ್ಲಿ ಅದು 20 ಲಕ್ಷ ದಾಟಿತು. ಅಷ್ಟೂ ಮಕ್ಕಳು ಯೆಹೂದಿ ದ್ವೇಷವನ್ನು ಯೋಚಿಸಿ ಒಪ್ಪಿ ಬಂದರು ಅಂತ ನನಗೆ ಅನ್ನಿಸುವುದಿಲ್ಲ. ಪಕ್ಕದ ಬೆಂಚಿನವನು ಸೇರಿದ, ಹಾಗಾಗಿ ಇವನೂ ಸೇರಿದ. ದ್ವೇಷವನ್ನು ಒಳಗೆ ಬಂದಮೇಲೆ ಕಲಿಸಿದರು. ಬೇರೆ ಯುವಕ ಸಂಘಗಳನ್ನು ಒಂದೊಂದಾಗಿ ಮುಚ್ಚಿಸಿದ್ದರಿಂದ ಕ್ಯಾಂಪು, ಚಾರಣ, ಆಟ ಏನೇ ಬೇಕಾದರೂ ಇಲ್ಲಿಗೇ ಬರಬೇಕಾಯಿತು.

1934ರಲ್ಲಿ ಇನ್ನೊಂದು ಉಪಾಯ ಮಾಡಿದರು. ಶನಿವಾರ ಸದಸ್ಯರಿಗೆ ಶಾಲೆಗೆ ರಜೆ, ಅವರು ಸಮವಸ್ತ್ರ ಹಾಕಿಕೊಂಡು ಬಯಲಿಗೆ ಹೋಗಬಹುದು. ಸೇರದ ಮಕ್ಕಳು ಮಾತ್ರ ಶಾಲೆಗೆ ಬರಬೇಕು. ಖಾಲಿ ಬೆಂಚುಗಳ ನಡುವೆ ಸುಮ್ನೆ ಕೂತ ಆ ನಾಲ್ಕಾರು ಮಕ್ಕಳನ್ನು ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತೆ. ಹೊಡೆಯಬೇಕು, ಬೈಯಬೇಕು ಅಂತಲೇ ಇರಲಿಲ್ಲ, ಒಂಟಿ ಮಾಡಿದರೂ ಸಾಕಿತ್ತು. ಎಲ್ಲರಿಗೂ ಕಡ್ಡಾಯ ಅಂತ ಕಟ್ಟುನಿಟ್ಟು ಮಾಡಿದ್ದು 1939ರಲ್ಲಿ. ಅಷ್ಟು ಹೊತ್ತಿಗೆ ಹೆಚ್ಚಿನವರು ಒಳಗೇ ಇದ್ದರು.

ಮುಂದೆ 1951ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ಈ ಒಂಟಿತನದ ಭಯವನ್ನೇ ಅಳೆದು ನೋಡಿದರು. ಯಾವ ಗೆರೆ ಯಾವುದಕ್ಕೆ ಸಮ ಅನ್ನುವ ಸುಲಭದ ಪ್ರಶ್ನೆ. ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ಸರಿ ಉತ್ತರ ಕಣ್ಣೆದುರೇ ಇದ್ದರೂ ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಗುಂಪಿನ ಮಾತಿಗೆ ತಲೆಯಾಡಿಸಿದರು. ಆದರೆ ಒಬ್ಬನೇ ಒಬ್ಬ ಜೊತೆಗಾರ ಸರಿ ಉತ್ತರ ಹೇಳಿದರೆ ಸಾಕು, ಹಾಗೆ ಬಾಗುವುದು ತುಂಬಾ ಕಡಿಮೆಯಾಗುತ್ತಿತ್ತು.

ಹಾನ್ಸ್‌ಗೆ ಅಂಥ ಜೊತೆ ಸಿಕ್ಕಿದ್ದು ತಡವಾಗಿ. 1935ರಲ್ಲಿ ನ್ಯೂರೆಂಬರ್ಗ್ ಊರಲ್ಲಿ ನಡೆದ ಹಿಟ್ಲರನ ಪಕ್ಷದ ಸಮಾವೇಶಕ್ಕೆ ಬಾವುಟ ಹಿಡಿದು ಹೆಮ್ಮೆಯಿಂದ ಹೋದವನು ಮಂಕಾಗಿ ವಾಪಸ್ ಬಂದ. ಅವನ ತಂಡದ ಹುಡುಗರು ತಾವೇ ಒಂದು ಬಾವುಟ ಮಾಡಿಕೊಂಡಿದ್ದರು. ಅದನ್ನು ಒಪ್ಪಿಸು, ಎಲ್ಲರಿಗೂ ಒಂದೇ ಬಾವುಟ ಅಂತ ಮೇಲಿನವನೊಬ್ಬ ದಬಾಯಿಸಿದಾಗ ಹಾನ್ಸ್ ಅವನಿಗೆ ಹೊಡೆದೇಬಿಟ್ಟ ಅಂತ ಅಕ್ಕ ಇಂಗೆ ಬರೆದಿದ್ದಾರೆ.

1942ರಲ್ಲಿ ಮ್ಯೂನಿಕ್‌ನಲ್ಲಿ ಮೆಡಿಕಲ್ ಓದುವಾಗ ವಿಲ್ಲಿ ಗ್ರಾಫ್ ಸಿಕ್ಕಿದ. ಅವನು ಹಿಟ್ಲರ್ ಯೂತ್ ಸೇರಿರಲೇ ಇಲ್ಲ. ಸೇರಿದ ಗೆಳೆಯರ ಹೆಸರನ್ನೇ ತನ್ನ ಪುಟ್ಟ ಪುಸ್ತಕದಲ್ಲಿ ಗೆರೆ ಎಳೆದು ಹೊಡೆದುಹಾಕಿದ್ದ. ಹಾನ್ಸ್, ಸೋಫಿ, ವಿಲ್ಲಿ ಎಲ್ಲ ಇದ್ದ 'ಬಿಳಿ ಗುಲಾಬಿ' ಅನ್ನುವ ಗೆಳೆಯರ ಬಳಗ ಹಿಟ್ಲರ್ ವಿರುದ್ಧ ಕರಪತ್ರ ಹಂಚಿ ಸಿಕ್ಕಿಬಿತ್ತು. 1943ರ ಫೆಬ್ರವರಿ 22ರಂದು ಹಾನ್ಸ್, ಸೋಫಿ ಇಬ್ಬರ ತಲೆ ಕಡಿದರು. ವಿಲ್ಲಿಯನ್ನು ಅಕ್ಟೋಬರ್‌ವರೆಗೆ ಉಳಿಸಿಕೊಂಡರು, ಇನ್ನಷ್ಟು ಹೆಸರು ಬಾಯಿ ಬಿಡಿಸಲು. ಅವನು ಗೆಳೆಯರ ಹೆಸರು ಹೇಳಲಿಲ್ಲ.