ಕಾರ್ಡ್ ಬಾಕಿಗೆ ಸ್ಮಾಲ್ ಕಾಸಸ್ ಕೋರ್ಟಿಂದ ಸಮನ್ಸ್ ಬಂದಿದೆ, ಹೋಗ್ದೆ ಇದ್ರೆ ನಡಿಯುತ್ತಾ?

ಓದುಗರ ಪ್ರಶ್ನೆ: ಸರ್, 2019ರಲ್ಲಿ ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಕ್ರೆಡಿಟ್ ಕಾರ್ಡ್ ಇತ್ತು. ಕೆಲಸ ಹೋದ್ಮೇಲೆ ಸುಮಾರು 38,000 ಬಾಕಿ ಉಳ್ಕೊಳ್ತು, ಆ ವರ್ಷ ಸೆಪ್ಟೆಂಬರ್ ಆದ್ಮೇಲೆ ಒಂದ್ ರೂಪಾಯಿನೂ ಕಟ್ಟಿಲ್ಲ. ಈಗ ಹಾಸನದ ಮನೆಗೆ ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಲಯದಿಂದ (ಸ್ಮಾಲ್ ಕಾಸಸ್ ಕೋರ್ಟ್) ಸಮನ್ಸ್ ಬಂದಿದೆ. 2024ರ ಜೂನ್‌ನಲ್ಲಿ ಬ್ಯಾಂಕ್‌ನೋರು ದಾವೆ ಹಾಕಿದ್ದಾರೆ, 96,400 ಕೇಳ್ತಿದ್ದಾರೆ. ಫ್ರೆಂಡ್ ಒಬ್ಬ ಮೂರ್ ವರ್ಷ ಆಗೋಗಿದೆ, ಕೇಸ್ ನಿಲ್ಲಲ್ಲ, ಕೋರ್ಟ್ ಕಡೆ ತಲೆನೇ ಹಾಕ್ಬೇಡ ಅಂತಾನೆ. ಹೋಗ್ದೆ ಇದ್ರೆ ಅರೆಸ್ಟ್ ಮಾಡ್ತಾರಾ?

ಉತ್ತರ: ಅರೆಸ್ಟ್ ಭಯ ಮೊದ್ಲು ಬಿಡಿ. ಇದು ಸಿವಿಲ್ ದಾವೆ, ಪೊಲೀಸ್ರಿಗೆ ಇಲ್ಲಿ ಕೆಲಸನೇ ಇಲ್ಲ, ಫೋನ್ ಮಾಡಿ ‘ಸ್ಟೇಷನ್‌ಗೆ ಬರ್ತೀರಾ ಹೆಂಗೆ’ ಅನ್ನೋ ರಿಕವರಿ ಏಜೆಂಟ್ ಮಾತಿಗೂ ಈ ಸಮನ್ಸ್‌ಗೂ ಸಂಬಂಧ ಇಲ್ಲ. ಚೆಕ್ ಕೊಟ್ಟು ಅದು ಬೌನ್ಸ್ ಆಗಿದ್ರೆ ಹಾಕೋ ಸೆಕ್ಷನ್ 138ರ ಕೇಸ್ ಬೇರೆ, ಅದು ಕ್ರಿಮಿನಲ್, ನಿಮ್ಮ ಪ್ರಶ್ನೆಲಿ ಆ ವಿಷಯ ಇಲ್ಲ. ಆದ್ರೆ ನಿಮ್ಮ ಫ್ರೆಂಡ್ ಹೇಳಿರೋ ಎರಡು ಮಾತೂ ತಪ್ಪು. ಹೋಗ್ಲೇಬೇಕು, ಅದೂ ಬೇಗ. ಇನ್ನು ಮೂರು ವರ್ಷದ ಲೆಕ್ಕ ನಿಮ್ಮ ವಿಷಯದಲ್ಲಿ ಅಷ್ಟು ಸಲೀಸಾಗಿ ಬರಲ್ಲ, ಯಾಕೆ ಅಂತ ಕೆಳಗೆ ಹೇಳ್ತೀನಿ.

ಮೊದ್ಲು ಕೈಯಲ್ಲಿರೋ ಪೇಪರ್ ನಿಜವಾಗ್ಲೂ ಸಮನ್ಸಾ ನೋಡಿ. ಲಾಯರ್ ನೋಟಿಸ್, ಲೋಕ್ ಅದಾಲತ್ ನೋಟಿಸ್, ಆರ್ಬಿಟ್ರೇಷನ್ ನೋಟಿಸ್ ಎಲ್ಲವೂ ನೋಡೋಕೆ ಹಿಂಗೇ ಇರ್ತವೆ, ಕೆಲವು ರಿಕವರಿಯೋರು ಅಂತೂ ಕೋರ್ಟ್ ಕಾಗದದ ಥರಾನೇ ಪ್ರಿಂಟ್ ಹಾಕ್ಸಿ ಕಳಿಸ್ತಾರೆ. ನಿಜವಾದ ಸಮನ್ಸ್‌ನಲ್ಲಿ ಕೋರ್ಟಿನ ಸೀಲು, ಎಸ್.ಸಿ. ಅಂತ ಶುರುವಾಗೋ ಕೇಸ್ ನಂಬರ್, ಹಾಜರಾಗ್ಬೇಕಾದ ವಾಯಿದೆ ಇರುತ್ತೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ರೋ ನಿಮ್ಮ ಹೆಸರೋ ಹಾಕಿ ನೋಡಿದ್ರೆ ಮುಂದಿನ ವಾಯಿದೆ ಸಮೇತ ಬರುತ್ತೆ, ಬಂದ್ರೆ ನಿಜ ಅಂತಲೇ. ಸಮನ್ಸ್ ಕೊಡೋಕೆ ಕೋರ್ಟಿನ ಅಮೀನ ಬಂದಾಗ ‘ಅವ್ರು ಮನೇಲಿಲ್ಲ’ ಅಂತ ಹೇಳ್ಸೋದು, ಪೋಸ್ಟಲ್ಲಿ ಬಂದಿದ್ದನ್ನ ವಾಪಸ್ ಕಳ್ಸೋದು ಇವೆಲ್ಲ ಹಳೇ ಆಟ, ತಗೊಳ್ಳೋಕೆ ಒಪ್ಪದೇ ಇದ್ರೆ ಜಾರಿ ಆಯ್ತು ಅಂತಲೇ ಕೋರ್ಟ್ ಬರ್ಕೊಳ್ಳುತ್ತೆ.

ಅದೇ ಪೇಪರ್‌ನಲ್ಲಿ ಇನ್ನೊಂದು ವಿಷಯ ಹುಡುಕಿ, ಸಿವಿಲ್ ಕೇಸ್ ನಡೆಸೋ ಕಾನೂನಾದ ಸಿಪಿಸಿಯ ಆರ್ಡರ್ 37 ಅಂತ ಎಲ್ಲಾದ್ರೂ ಇದ್ಯಾ ಅಂತ. ಇದನ್ನ ಬಹಳ ಜನ ಗಮನಿಸಲ್ಲ. ಆರ್ಡರ್ 37 ಇದ್ರೆ ಅದು ಸಮರಿ ಸೂಟ್ (ಬೇಗ ಮುಗಿಸೋ ದಾವೆ), ಸ್ಮಾಲ್ ಕಾಸಸ್ ಕೋರ್ಟಲ್ಲೂ ಹಾಕ್ಬಹುದು, ಆಗ ಸಮನ್ಸ್ ಸಿಕ್ಕಿದ 10 ದಿನದೊಳಗೆ ವಕೀಲರ ಮೂಲಕನೋ ಖುದ್ದಾಗೋ ಹಾಜರಿ ಹಾಕ್ಬೇಕು, ಆಮೇಲೆ ಬ್ಯಾಂಕ್‌ನೋರು ಇನ್ನೊಂದು ಸಮನ್ಸ್ ಕಳಿಸ್ತಾರೆ, ಅದು ಸಿಕ್ಕಿ ಇನ್ನೊಂದು 10 ದಿನದಲ್ಲಿ ‘ನಂಗೆ ವಾದ ಮಾಡೋಕೆ ಅನುಮತಿ ಕೊಡಿ’ ಅಂತ ಅರ್ಜಿ ಹಾಕ್ಬೇಕು, ಅನುಮತಿ ಸಿಗದೇ ಇದ್ರೆ ವಿಚಾರಣೆನೇ ಇಲ್ದೆ ಡಿಕ್ರಿ, ಅಂದ್ರೆ ದುಡ್ಡು ಕಟ್ಟಿ ಅನ್ನೋ ತೀರ್ಪು. ಆರ್ಡರ್ 37 ಇಲ್ಲಾಂದ್ರೆ ಸ್ವಲ್ಪ ಉಸಿರಾಡ್ಬಹುದು, ಸಮನ್ಸ್ ಸಿಕ್ಕಿದ 30 ದಿನದೊಳಗೆ ನಿಮ್ಮ ಲಿಖಿತ ಉತ್ತರ, ಅಂದ್ರೆ ರಿಟನ್ ಸ್ಟೇಟ್‌ಮೆಂಟ್ ಹಾಕ್ಬೇಕು, ಕಾರಣ ಹೇಳಿ ಕೇಳ್ಕೊಂಡ್ರೆ 90 ದಿನದ ತನಕ ಟೈಮ್ ಕೊಡಬಹುದು. ನೀವು ಹಾಸನದಲ್ಲಿ ಇದ್ರೂ ಪ್ರತಿ ವಾಯಿದೆಗೂ ಬಸ್ ಹತ್ಬೇಕಿಲ್ಲ, ಬೆಂಗಳೂರಿನ ವಕೀಲರೊಬ್ಬರಿಗೆ ವಕಾಲತ್ತು ಸಹಿ ಮಾಡ್ಕೊಟ್ರೆ ಸಾಕು. ಫೀಸ್ ಕೊಡೋಕಾಗಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ನಂಬರ್ ಅದು. ಹೆಣ್ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ಎಷ್ಟಿದ್ರೂ ಉಚಿತ ವಕೀಲರು ಸಿಗ್ತಾರೆ, ಉಳಿದವ್ರಲ್ಲಿ ಬಹಳ ಜನಕ್ಕೆ ಆದಾಯದ ಮಿತಿ ಇದೆ.

ಹೋಗ್ದೆ ಇದ್ರೆ ಏನಾಗುತ್ತೆ? ಎಕ್ಸ್ ಪಾರ್ಟಿ, ಅಂದ್ರೆ ನೀವು ಗೈರು, ಅಂತ ಇಡ್ತಾರೆ, ಬ್ಯಾಂಕಿನ ಆಫೀಸರ್ ಒಂದು ಅಫಿಡವಿಟ್ ಕೊಡ್ತಾರೆ, ಸ್ಟೇಟ್‌ಮೆಂಟ್ ಸಾಕ್ಷ್ಯ ಅಂತ ಗುರುತು ಮಾಡಿಸ್ತಾರೆ, ಪಾಟೀ ಸವಾಲು ಮಾಡೋಕೆ ಯಾರೂ ಇಲ್ಲ, ಕೇಳಿದ ದುಡ್ಡಿಗೆ ಡಿಕ್ರಿ. ಗೊತ್ತಾದ್ಮೇಲೆ ಓಡಿ ಹೋಗಿ ಅದನ್ನ ರದ್ದು ಮಾಡಿ ಅಂತ ಕೇಳ್ಬಹುದು, ಅದಕ್ಕೆ ಡಿಕ್ರಿ ಆದ ದಿನದಿಂದ 30 ದಿನ ಗಡುವು, ಜೊತೆಗೆ ಇಷ್ಟು ದುಡ್ಡು ಕೋರ್ಟಲ್ಲಿ ಕಟ್ಟು ಅಂತ ಕಂಡಿಷನ್ ಹಾಕೋ ಅಧಿಕಾರ ಜಡ್ಜ್‌ಗೆ ಇದೆ. ಸ್ಮಾಲ್ ಕಾಸಸ್ ಕೋರ್ಟಿನ ಡಿಕ್ರಿ ಮೇಲೆ ಮಾಮೂಲಿ ಅಪೀಲ್ ಇಲ್ಲ ಅನ್ನೋದೂ ನೆನಪಿರ್ಲಿ, ಹೈಕೋರ್ಟಿಗೆ ರಿವಿಷನ್ ಹೋಗ್ಬಹುದು, ಅಲ್ಲಿ ಸಾಕ್ಷಿಯನ್ನೆಲ್ಲ ಮತ್ತೆ ಮೊದಲಿಂದ ತೂಗ್ತಾ ಕೂರಲ್ಲ. ಹಾಗಾಗಿ ಏನ್ ಹೇಳ್ಬೇಕೋ ಅದನ್ನ ಈ ಕೋರ್ಟಲ್ಲೇ ಹೇಳ್ಬೇಕು.

ಈಗ ಮೂರು ವರ್ಷದ ಮಾತು. ಸಾಲ ವಸೂಲಿಗೆ ಕಾಲಮಿತಿ ಮೂರು ವರ್ಷ ಅನ್ನೋದು ನಿಜ, ದಾವೆ ಲೇಟಾಗಿದ್ರೆ ನೀವು ಕೇಳದೇ ಇದ್ರೂ ಕೋರ್ಟೇ ವಜಾ ಮಾಡ್ಬೇಕು ಅನ್ನೋದೂ ನಿಜ. ಆದ್ರೆ ಕೋವಿಡ್ ಟೈಮಲ್ಲಿ ಸುಪ್ರೀಂ ಕೋರ್ಟ್ 15-03-2020ರಿಂದ 28-02-2022ರ ತನಕದ ಅಷ್ಟೂ ದಿನ ಕಾಲಮಿತಿಯ ಲೆಕ್ಕಕ್ಕೆ ತಗೋಬಾರ್ದು ಅಂತ ಆದೇಶ ಮಾಡಿದೆ. ನೀವು 2019ರ ಅಕ್ಟೋಬರ್ ಮೊದಲ ವಾರದಲ್ಲಿ ಕಟ್ಬೇಕಾದ್ದು ಕಟ್ಟಿಲ್ಲ ಅಂತ ಇಟ್ಕೊಳ್ಳೋಣ, ಅಲ್ಲಿಂದ ಮಾರ್ಚ್ 2020ಕ್ಕೆ ಐದು ತಿಂಗಳ ಮೇಲೆ ಸ್ವಲ್ಪ ದಿನ ಖರ್ಚಾಯ್ತು, ಗಡಿಯಾರ ನಿಂತ್ಹೋಯ್ತು, 01-03-2022ಕ್ಕೆ ಮತ್ತೆ ಶುರುವಾಯ್ತು, ಉಳಿದ ಎರಡೂವರೆ ವರ್ಷ ಚಿಲ್ಲರೆ ಸೇರಿಸಿದ್ರೆ 2024ರ ಸೆಪ್ಟೆಂಬರ್ ತನಕ ಬ್ಯಾಂಕ್‌ಗೆ ಟೈಮ್ ಇತ್ತು. ಅವರು ಜೂನ್‌ನಲ್ಲೇ ಹಾಕಿದ್ದಾರೆ. ಅಂದ್ರೆ ಈ ಪಾಯಿಂಟ್ ಮೇಲೆ ನೀವು ಗೆಲ್ಲೋ ಚಾನ್ಸ್ ಕಮ್ಮಿ, ಸುಮ್ನೆ ಆಸೆ ಹುಟ್ಟಿಸಲ್ಲ. ಆದ್ರೂ ದಾವೆಯ ಪ್ರತಿಯಲ್ಲಿ ಬಾಕಿ ಯಾವತ್ತಿಂದ ಅಂತ ಬರ್ದಿದ್ದಾರೆ ನೋಡಿ, ನಿಮ್ಮ ಕೊನೇ ಪೇಮೆಂಟ್ ಇನ್ನೂ ಹಿಂದಿನದಾಗಿದ್ರೆ ಕಥೆ ಬದಲಾಗುತ್ತೆ. ಟೈಮ್ ಮುಗಿಯೋಕೆ ಮುಂಚೆ ಸಾಲ ಒಪ್ಕೊಂಡು ಸಹಿ ಹಾಕಿ ಬರ್ಕೊಟ್ಟಿದ್ರೆ ಆ ದಿನದಿಂದ ಹೊಸದಾಗಿ ಮೂರು ವರ್ಷ, ಏಜೆಂಟ್‌ಗಳು ‘ಒಂದ್ ಐನೂರು ಆದ್ರೂ ಹಾಕಿ ಸರ್, ಫೈಲ್ ಹೋಲ್ಡ್ ಮಾಡಿಸ್ತೀನಿ’ ಅಂತ ಬೇಡ್ಕೊಳ್ಳೋದೂ ಬಹಳ ಸಲ ಇದಕ್ಕೇ.

ಹಂಗಾದ್ರೆ ವಾದ ಏನು? ನನ್ನ ಪ್ರಕಾರ ಸಾಲ ತಗೊಂಡೇ ಇಲ್ಲ ಅನ್ನೋದು ವಾದ ಅಲ್ಲ, ಎಷ್ಟು ಅನ್ನೋದೇ ವಾದ. ಕೆಲವು ವಕೀಲರು ಹಳೇ ಫೈಲಿಂದ ಕಾಪಿ ಹೊಡ್ದು ‘ದಾವೆಯ ಎಲ್ಲಾ ಅಂಶಗಳೂ ಸುಳ್ಳು’ ಅಂತ ಎರಡು ಪುಟದ ರಿಟನ್ ಸ್ಟೇಟ್‌ಮೆಂಟ್ ಹಾಕಿ ಕೈ ತೊಳ್ಕೊಳ್ತಾರೆ, ಅದರಿಂದ ಎರಡು ಕಡೆ ಪೆಟ್ಟು. ಒಂದು, ಪ್ರಮಾಣ ಮಾಡಿ ಸುಳ್ಳು ಹೇಳಿದ ಹಾಗಾಗುತ್ತೆ, ನಾಳೆ ಪಾಟೀ ಸವಾಲಲ್ಲಿ ನಿಮ್ಮದೇ ಸಹಿ ಇರೋ ಅಪ್ಲಿಕೇಷನ್ ತೋರಿಸಿದ್ರೆ ನಿಮ್ಮ ಉಳಿದ ಮಾತನ್ನೂ ಜಡ್ಜ್ ನಂಬಲ್ಲ. ಇನ್ನೊಂದು, ಒಂದೊಂದು ಅಂಶವನ್ನೂ ಬಿಡಿಬಿಡಿಯಾಗಿ ಅಲ್ಲಗಳೆಯದೇ ಇದ್ರೆ ಒಪ್ಕೊಂಡ ಹಾಗೇ ಅಂತ ಸಿಪಿಸಿ ಆರ್ಡರ್ 8 ಹೇಳುತ್ತೆ. ಕಾರ್ಡ್ ತಗೊಂಡಿದ್ದು ನಿಜ, ಇಷ್ಟು ಬಳಸಿದ್ದು ನಿಜ, 96,400 ಅನ್ನೋ ಲೆಕ್ಕ ಒಪ್ಪಲ್ಲ, ಯಾಕಂದ್ರೆ ಇಂಥಿಂಥದ್ದು ಅಂತ ಬರೀರಿ.

ಆ ಇಂಥಿಂಥದ್ದು ಏನು ಅಂತ ಗೊತ್ತಾಗ್ಬೇಕಂದ್ರೆ ಶುರುವಿಂದ ಕೊನೇ ತನಕ ತಿಂಗಳ ಸ್ಟೇಟ್‌ಮೆಂಟ್‌ಗಳನ್ನ ತರಿಸ್ಕೊಂಡು ಕೂತು ಓದ್ಬೇಕು. 38,000ದಿಂದ 96,400ಕ್ಕೆ ಹೋಗಿರೋ 58,400ರಲ್ಲಿ ಬಡ್ಡಿ ಎಷ್ಟು, ಲೇಟ್ ಫೀ ಎಷ್ಟು, ಓವರ್ ಲಿಮಿಟ್ ಚಾರ್ಜ್ ಎಷ್ಟು, ಅದರ ಮೇಲೆ ಶೇ. 18 ಜಿಎಸ್‌ಟಿ ಎಷ್ಟು ಅಂತ ಬೇರೆ ಬೇರೆ ಮಾಡಿ. ‘ಬಡ್ಡಿ ಜಾಸ್ತಿ ಆಯ್ತು ಸ್ವಾಮಿ’ ಅಂತ ಬರೀ ಅಷ್ಟೇ ಹೇಳಿದ್ರೆ ಪ್ರಯೋಜನ ಇಲ್ಲ, ಬ್ಯಾಂಕ್ ಬಡ್ಡಿ ಅತಿಯಾಯ್ತು ಅನ್ನೋ ಕಾರಣಕ್ಕೆ ಕೋರ್ಟ್ ಕೈ ಹಾಕೋ ಹಾಗಿಲ್ಲ ಅಂತ ಬ್ಯಾಂಕಿಂಗ್ ರೆಗ್ಯುಲೇಷನ್ ಆಕ್ಟ್ 21ಎ ಹೇಳುತ್ತೆ, ಕಾರ್ಡ್ ಬಡ್ಡಿ ವರ್ಷಕ್ಕೆ ಶೇ. 30 ದಾಟಬಾರದು ಅಂತ ಗ್ರಾಹಕರ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನೂ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡ್ತು. ಕೇಳ್ಬೇಕಾದ ಪ್ರಶ್ನೆ ಬೇರೆ. ಈ ದರ ಯಾವ ಅಗ್ರಿಮೆಂಟ್‌ನಲ್ಲಿದೆ, ನನ್ನ ಸಹಿ ಎಲ್ಲಿದೆ, ದರ ಏರ್ಸಿದಾಗ ನಂಗೆ ಯಾವಾಗ ತಿಳಿಸಿದ್ರಿ, ಕಾರ್ಡ್ ಬ್ಲಾಕ್ ಆದ್ಮೇಲೂ ವಾರ್ಷಿಕ ಫೀ ಯಾಕೆ ಹಾಕಿದ್ರಿ. ಕಟ್ಟದೇ ಉಳಿದ ಚಾರ್ಜು, ತೆರಿಗೆಗಳನ್ನ ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕ್ಬಾರ್ದು ಅಂತ ರಿಸರ್ವ್ ಬ್ಯಾಂಕ್ 2022ರ ಕಾರ್ಡ್ ನಿಯಮದಲ್ಲೇ ಹೇಳಿದೆ, ಅದಾದ್ಮೇಲಿನ ತಿಂಗಳುಗಳಲ್ಲಿ ಹಂಗೆ ಹಾಕಿದ್ರೆ ಆ ಸಾಲಿಗೆ ಅಂಡರ್‌ಲೈನ್ ಮಾಡಿ.

ಇನ್ನು ದಾವೆ ಹಾಕಿದ ದಿನದಿಂದ ಡಿಕ್ರಿ ತನಕ ಎಷ್ಟು ಬಡ್ಡಿ ಅನ್ನೋದು ಜಡ್ಜ್ ವಿವೇಚನೆ. ಡಿಕ್ರಿ ಆದ್ಮೇಲೆ ವ್ಯಾಪಾರದ ಸಾಲ ಅಲ್ಲದಿದ್ರೆ ವರ್ಷಕ್ಕೆ ಶೇ. 6ಕ್ಕಿಂತ ಜಾಸ್ತಿ ಇಲ್ಲ, ಸಿಪಿಸಿ ಸೆಕ್ಷನ್ 34. ಬ್ಯಾಂಕ್ ದಾವೆಯ ಪ್ರಾರ್ಥನೆಯಲ್ಲಿ, ಅಂದ್ರೆ ಏನು ಬೇಕು ಅಂತ ಕೇಳೋ ಭಾಗದಲ್ಲಿ, ಕಾರ್ಡ್ ರೇಟೇ ಕೇಳಿರುತ್ತೆ, ನೀವು ಬಾಯಿ ಬಿಟ್ಟು ವಿರೋಧ ಮಾಡ್ಬೇಕು.

ಸಾಕ್ಷಿ ವಿಷಯ ಸ್ವಲ್ಪ ಟೆಕ್ನಿಕಲ್, ಆದ್ರೂ ವಕೀಲರಿಗೆ ನೆನಪಿಸಿ. ಕಂಪ್ಯೂಟರ್‌ನಿಂದ ತೆಗೆದ ಸ್ಟೇಟ್‌ಮೆಂಟ್‌ಗೆ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಆಕ್ಟ್ ಪ್ರಕಾರ ಸರ್ಟಿಫಿಕೇಟ್ ಬೇಕು, ಅದಿಲ್ಲದೇ ಗುರುತು ಮಾಡೋಕೆ ಬಂದ್ರೆ ಆಗಲೇ ಆಕ್ಷೇಪಣೆ ಎತ್ಬೇಕು, ಆರ್ಗ್ಯುಮೆಂಟ್ ಟೈಮಲ್ಲಿ ಹೇಳಿದ್ರೆ ಲೇಟಾಯ್ತು ಅಂತಾರೆ. ಬರೀ ಲೆಕ್ಕದ ಪುಸ್ತಕದಲ್ಲಿ ಬರ್ದಿದೆ ಅನ್ನೋದೊಂದೇ ಒಬ್ಬನ ಮೇಲೆ ಹೊಣೆ ಹೊರಿಸೋಕೆ ಸಾಕಾಗಲ್ಲ ಅಂತಲೂ ಕಾನೂನಿದೆ. ಬ್ಯಾಂಕ್ ಪರ ಸಹಿ ಹಾಕಿದವ್ರಿಗೆ ಅಧಿಕಾರ ಪತ್ರ ಇದ್ಯಾ, ಸಾಲವನ್ನ ಬೇರೆ ಕಂಪನಿಗೆ ಮಾರಿದ್ರೆ ಅದರ ಪತ್ರ ಎಲ್ಲಿ, ಇದನ್ನೂ ಕೇಳಿ. ಇವುಗಳಿಂದ ಕೇಸೇ ಬಿದ್ದೋಗುತ್ತೆ ಅಂತ ಮಾತ್ರ ನಂಬ್ಕೊಂಡು ಕೂರ್ಬೇಡಿ, ಬಹಳ ಸಲ ಮುಂದಿನ ವಾಯಿದೆಗೆ ಸರಿ ಮಾಡ್ಕೊಂಡು ಬರ್ತಾರೆ. ಆದ್ರೆ ಎದುರಿಗೆ ಒಬ್ಬ ಪ್ರಶ್ನೆ ಕೇಳೋನು ಇದ್ದಾನೆ ಅಂತ ಗೊತ್ತಾದ್ರೆ ರಾಜಿ ಮಾತು ಬೇರೆ ರೇಟಿಗೆ ಶುರುವಾಗುತ್ತೆ.

ಸೋತ್ರೂ ಮನೆ ಮಠ ಹೋಗಲ್ಲ. ಕೆಲಸ ಹೋಯ್ತು ಅನ್ನೋದು ಸಾಲ ತೀರ್ಸದೇ ಇರೋಕೆ ಕಾರಣ ಆಗಲ್ಲ, ಆದ್ರೆ ಕಂತಲ್ಲಿ ಕಟ್ತೀನಿ ಅಂತ ಕೇಳೋಕೆ ಒಳ್ಳೇ ಕಾರಣ, ಡಿಕ್ರಿ ಬರೆಯೋವಾಗಲೇ ಕಂತು ಮಾಡಿಕೊಡೋಕೆ ಆರ್ಡರ್ 20ರಲ್ಲಿ ಅವಕಾಶ ಇದೆ. ಕಟ್ಟದೇ ಇದ್ರೆ ಡಿಕ್ರಿ ಜಾರಿ ಮಾಡ್ಸೋಕೆ ಅಮಲ್ಜಾರಿ ಅರ್ಜಿ ಹಾಕ್ತಾರೆ. ಸಂಬಳ ಜಪ್ತಿ ಮಾಡಿದ್ರೂ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟೋ ಹಾಗಿಲ್ಲ, ಅಂದ್ರೆ 31,000 ಸಂಬಳ ಇದ್ರೆ ಹೆಚ್ಚೆಂದ್ರೆ 10,000. ಪಿಎಫ್, ಅಡುಗೆ ಪಾತ್ರೆ, ಹೆಂಡ್ತಿ ತಾಳಿ ಇವಕ್ಕೆಲ್ಲ ಕೈ ಹಾಕೋಕಾಗಲ್ಲ. ಜಮೀನು, ಮನೆ ಜಪ್ತಿ ಮಾಡೋಕೆ ಸ್ಮಾಲ್ ಕಾಸಸ್ ಕೋರ್ಟಿಗೇ ಅಧಿಕಾರ ಇಲ್ಲ, ಡಿಕ್ರಿನ ಬೇರೆ ಸಿವಿಲ್ ಕೋರ್ಟಿಗೆ ವರ್ಗ ಮಾಡಿಸ್ಕೋಬೇಕು. ಸಿವಿಲ್ ಜೈಲು ಅಂತ ಒಂದಿದೆ, ಹೌದು, ಆದ್ರೆ ದುಡ್ಡು ಇದ್ದೂ ಬೇಕಂತಲೇ ಕಟ್ಟದೇ ಇರೋನಿಗೆ, ಇಲ್ಲದೋನಿಗಲ್ಲ ಅಂತ 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ನಿಮ್ಮ ಜಾಗದಲ್ಲಿ ನಾನಿದ್ರೆ ಮೊದಲ ವಾಯಿದೆಗೆ ವಕಾಲತ್ತು ಹಾಕ್ಸಿ, ಲೆಕ್ಕ ಪ್ರಶ್ನೆ ಮಾಡೋ ರಿಟನ್ ಸ್ಟೇಟ್‌ಮೆಂಟ್ ಕೊಟ್ಟು, ಆಮೇಲೆ ಲೋಕ್ ಅದಾಲತ್‌ಗೆ ಕಳ್ಸಿ ಅಂತ ಕೇಳ್ತಿದ್ದೆ. ಅಲ್ಲಿ ರಾಜಿ ಆದ್ರೆ ಬ್ಯಾಂಕ್‌ಗೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತೆ, ಹಾಗಾಗಿ ಅವ್ರಿಗೂ ಇಷ್ಟನೇ. ಅಸಲಿನ ಹತ್ರ ಹತ್ರ ಒಂದು ಮೊತ್ತದಿಂದ ಮಾತು ಶುರು ಮಾಡಿ. ಅಲ್ಲಿ ಆದ ಅವಾರ್ಡ್ (ತೀರ್ಮಾನ) ಮೇಲೆ ಅಪೀಲ್ ಇಲ್ಲ, ಅದಕ್ಕೇ ಕೈಲಾಗದ ಕಂತಿಗೆ ತಲೆ ಆಡಿಸ್ಬೇಡಿ. ಏಜೆಂಟ್‌ನ ಫೋನ್‌ಪೇಗೆ ಒಂದ್ ರೂಪಾಯಿನೂ ಹಾಕ್ಬೇಡಿ, ಬ್ಯಾಂಕಿನ ಸೆಟಲ್‌ಮೆಂಟ್ ಲೆಟರ್‌ನಲ್ಲಿರೋ ಅಕೌಂಟ್‌ಗೇ ಕಟ್ಟಿ, ನೋ ಡ್ಯೂ ಸರ್ಟಿಫಿಕೇಟ್ ಇಸ್ಕೊಳ್ಳಿ. ಕಮ್ಮಿಗೆ ಮುಗ್ಸಿದ್ರೆ ಸಿಬಿಲ್‌ನಲ್ಲಿ ‘ಸೆಟಲ್ಡ್’ ಅಂತ ಬರುತ್ತೆ, ‘ಕ್ಲೋಸ್ಡ್’ ಅಂತಲ್ಲ, ಮುಂದೆ ಹೋಮ್ ಲೋನ್ ಪ್ಲಾನ್ ಇದ್ರೆ ಅದನ್ನೂ ಲೆಕ್ಕಕ್ಕೆ ಇಟ್ಕೊಂಡು ಮೊತ್ತ ತೀರ್ಮಾನ ಮಾಡಿ.